ನೆಟ್ಟಗಾದ ಕಾರು

ಬೆಳಿಗ್ಗೆ ಏಳು ಗಂಟೆಗೆ ಕಾರಿನ ಹಿಂಭಾಗ ನೆಲ ಬಿಟ್ಟು ಮೇಲೆದ್ದಿತು. ಅತ್ತೆಯ ಡ್ರೈವಿಂಗ್ ಪರೀಕ್ಷೆ ಇದ್ದದ್ದು ಅದೇ ದಿನ ಮಧ್ಯಾಹ್ನ ಮೂರಕ್ಕೆ.

ಅಷ್ಟರೊಳಗೆ ಹಿಂದಿನ ಎರಡೂ ಚಕ್ರ ಬಿಚ್ಚಬೇಕು. ಚಕ್ರವನ್ನು ಕಾರಿನ ಮೈಗೆ ಹಿಡಿದಿಡುವ ಕಬ್ಬಿಣದ ತೋಳು ಒಂದೊಂದು ಕಡೆ ಒಂದೊಂದಿರುತ್ತದೆ. ಗ್ಯಾರೇಜಿನವರು ಅದನ್ನು ಕಂಟ್ರೋಲ್ ಆರ್ಮ್ ಎನ್ನುತ್ತಾರೆ. ಹಳೆಯ ಆರ್ಮ್ ಎರಡನ್ನೂ ಕಳಚಿ, ಬಿಡಿಭಾಗದ ಅಂಗಡಿಯಿಂದ ತಂದ ಹೊಸ ಜೋಡಿಯನ್ನು ಕೂರಿಸಬೇಕು. ಹೊಸದು ಕಾರಿನ ಕಂಪನಿಯದಲ್ಲ, ಬೇರೆಯವರು ಮಾಡಿದ್ದು. ನಡುವಿನ ಸರಳು ತಿರುಗಿಸಿದರೆ ಉದ್ದವೂ ಆಗುತ್ತಿತ್ತು, ಗಿಡ್ಡವೂ ಆಗುತ್ತಿತ್ತು.

ಕಾರಿನ ಒಡೆಯ ಊರಾಚೆಯ ಪಂಪ್‌ಹೌಸಿನಲ್ಲಿ ಆಪರೇಟರ್. ಬೀದಿಯವರು ಅವನನ್ನು ಪ್ರೆಶರ್ ಎಂದು ಕರೆಯುತ್ತಿದ್ದರು. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಅವನನ್ನು ಕೇಳುತ್ತಿದ್ದರು. ಕೇಳಿದ ಕೂಡಲೇ ಅವನಿಗೆ ಸಿಟ್ಟು ಬರುತ್ತಿತ್ತು. ಹೆಸರು ಎರಡರಲ್ಲಿ ಯಾವುದರಿಂದ ಬಂತೆಂದು ಬೀದಿಯವರೂ ಮರೆತಿದ್ದರು.

ಇವತ್ತಿನ ಸಿಟ್ಟಿಗೆ ಕಾರಣ ಕಳೆದ ಸಲದ ಪರೀಕ್ಷೆ. ಅತ್ತೆ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಚೆನ್ನಾಗಿಯೇ ಕಲಿತಿದ್ದರು. ಆದರೆ ಸ್ಕೂಲಿನವನ ಸೀಟ್ ಕವರ್ ಗಲೀಜಾಗಿದೆ ಎಂದು ಅದನ್ನು ಅವನ ಕೈಯಲ್ಲೇ ಒಗೆಸಿದ್ದರಿಂದ, ಪರೀಕ್ಷೆಗೆ ಕಾರು ಕೊಡುವುದಿಲ್ಲ ಎಂದು ಅವನು ಕೈಮುಗಿದುಬಿಟ್ಟ. ಅಳಿಯ ಪ್ರೆಶರ್‌ನ ಕಾರಿನಲ್ಲಿ ಹೋದರು. ಎರಡು ಸಾಲು ಕಂಬಗಳ ನಡುವೆ ಓಡಿಸಬೇಕಿತ್ತು. ಎಡಗಡೆಯ ಕಂಬಗಳೆಲ್ಲ ಒಂದರ ಹಿಂದೆ ಒಂದು ಮಲಗಿದವು.

"ಸ್ಟೀರಿಂಗ್ ನೆಟ್ಟಗೇ ಹಿಡಿದಿದ್ದೆ, ಕಾರು ಎಡಕ್ಕೆ ಹೋಯ್ತು," ಎಂದರು ಅತ್ತೆ.

ಇನ್‌ಸ್ಪೆಕ್ಟರು ತಾವೇ ಒಂದು ಸುತ್ತು ಓಡಿಸಿ ನೋಡಿ, "ಅಮ್ಮ ಹೇಳೋದು ಸರಿ. ಮೊದಲು ಗಾಡಿ ನೆಟ್ಟಗೆ ಮಾಡಿಸ್ಕೊಂಡು ಬನ್ನಿ," ಎಂದರು.

"ಎಂಟು ವರ್ಷದಿಂದ ಓಡಿಸ್ತಿದೀನಿ ಸಾರ್! ನನಗೆ ಒಂದಿನಾನೂ ಎಡಕ್ಕೆ ಎಳೆದಿಲ್ಲ!" ಎಂದು ಪ್ರೆಶರ್ ಕೂಗಿದ. ಆ ಕೂಗಿಗೆ ಮೈದಾನದ ಇನ್ನೊಂದು ತುದಿಯಲ್ಲಿ ಸ್ಕೂಟರ್ ಪರೀಕ್ಷೆ ಕೊಡುತ್ತಿದ್ದವಳು ಕಾಲು ನೆಲಕ್ಕೆ ಊರಿ ಫೇಲಾದಳು.

ಇವತ್ತು ತಪ್ಪಿದರೆ ಅತ್ತೆಯ ಕಲಿಕೆಯ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ಮತ್ತೆ ಮೊದಲಿಂದ ಅರ್ಜಿ, ಮತ್ತೆ ಕಾಯುವುದು. ಅಲ್ಲಿಯವರೆಗೆ ಅವರು ಮಗಳ ಮನೆಯಲ್ಲೇ ಇರಬೇಕು. ಪ್ರೆಶರ್‌ನ ಮಟ್ಟಿಗೆ ವಿಷಯ ಇರುವುದೇ ಇಲ್ಲಿ.

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾದವರು. ಅವರ ಸ್ವಂತ ಮನೆ ಹೆದ್ದಾರಿಯ ಆಚೆ, ಊರಿನ ಇನ್ನೊಂದು ಕೊನೆಯಲ್ಲಿತ್ತು. ಅಲ್ಲಿಗೆ ಹೋಗುತ್ತಿದ್ದ ಒಂದೇ ಬಸ್ಸು ನಿಂತ ಮೇಲೆ ಇಲ್ಲಿಗೆ ಬಂದಿದ್ದರು. ಬಂದವರು ಮನೆಯನ್ನು ವಾರ್ಡು ಮಾಡಿಕೊಂಡರು. ಹಾಸಿಗೆಯ ಮೂಲೆ ಮಡಿಸದೆ ಎದ್ದರೆ ಕೇಳುತ್ತಿದ್ದರು. ಊಟಕ್ಕೆ ಕೂರುವ ಮುಂಚೆ ಅಳಿಯನ ಉಗುರು ನೋಡುತ್ತಿದ್ದರು. ಅಳಿಯ ಟಿ.ವಿ.ಯಲ್ಲಿ ಸುದ್ದಿ ಓದುವವರಿಗೆ ಎದುರುತ್ತರ ಕೊಡುತ್ತಿದ್ದುದನ್ನು ಅವರು ಸಹಿಸುತ್ತಿರಲಿಲ್ಲ. ಲೈಸೆನ್ಸ್ ಕೈಗೆ ಬಂದ ಮರುದಿನವೇ ಒಂದು ಸಣ್ಣ ಕಾರು ಕೊಂಡು ತಮ್ಮ ಮನೆಗೆ ಹೊರಡುವುದೆಂದು ಅವರು ತೀರ್ಮಾನಿಸಿದ್ದರು. ಅತ್ತೆ ಅಳಿಯ ಇಬ್ಬರೂ ಒಪ್ಪಿದ ತೀರ್ಮಾನ ಆ ಮನೆಯಲ್ಲಿ ಅದೊಂದೇ.

ಬೀದಿ ಕೊನೆಯ ಗ್ಯಾರೇಜಿನವನು ಕಾರಿನಡಿ ಬಗ್ಗಿ ನೋಡಿ, "ಎಡಗಡೆ ಆರ್ಮ್ ಬಾಗಿದೆ. ಬಿಟ್ಟು ಹೋಗಿ, ಮುಂದಿನ ವಾರ ನೋಡೋಣ," ಎಂದಿದ್ದ.

"ಮುಂದಿನ ವಾರ ಯಾರಿಗೆ ಬೇಕು? ಊರಿಗೆಲ್ಲ ನೀರು ಕೊಡೋ ಪಂಪ್ ಬಿಚ್ಚಿ ಜೋಡಿಸೋನು ನಾನು. ಇದೇನು ಮಹಾ?"

"ಹಾಗಾದ್ರೆ ನೀವೇ ಮಾಡ್ಕೊಳ್ಳಿ."

"ಮಾಡ್ತೀನಿ! ಮಾಡಿ ನಿನ್ನ ಗ್ಯಾರೇಜ್ ಮುಂದೇನೇ ಓಡಿಸ್ಕೊಂಡು ಹೋಗ್ತೀನಿ!"

ಹೀಗೆ ಇವತ್ತು ಕೆಲಸಕ್ಕೆ ರಜೆ ಹಾಕಿ, ಮನೆಯ ಅಂಗಳದಲ್ಲಿ, ಕಾರಿನ ಕೆಳಗೆ, ಬೆನ್ನ ಅಡಿಗೆ ರಟ್ಟು ಹಾಕಿಕೊಂಡು ಪ್ರೆಶರ್ ಮಲಗಿದ್ದ.

ಮೊದಲ ಬೋಲ್ಟು ಅಲುಗಲಿಲ್ಲ. ತುಕ್ಕು ಹಿಡಿದು ಅದೂ ಕಾರೂ ಒಂದೇ ಆಗಿಹೋಗಿದ್ದವು. ಎಣ್ಣೆ ಬಿಟ್ಟ, ಕಾದ, ಸ್ಪ್ಯಾನರ್ ಹಾಕಿ ಜಗ್ಗಿದ, ಬೈದ. ಬೋಲ್ಟು ಬೈಸಿಕೊಂಡು ಹಾಗೇ ಕೂತಿತು.

"ಏನಪ್ಪಾ ಪ್ರೆಶರ್, ಬೆಳಿಗ್ಗೆ ಬೆಳಿಗ್ಗೆ ಯಾರ್ ಜೊತೆ ಜಗಳ?" ಎಂದು ಎದುರು ಮನೆಯ ಗಾರ್ಡ್ ಸಾಹೇಬರು ಒಳಬಂದರು. ಮೂವತ್ತು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು ನಿವೃತ್ತರಾದವರು. ಬರುವಾಗ ತಮ್ಮ ಕುರ್ಚಿಯನ್ನೂ ತಂದಿದ್ದರು. ಬೇಗ ಹೋಗುವ ಯೋಚನೆ ಇದ್ದಂತಿರಲಿಲ್ಲ.

"ಬೋಲ್ಟ್ ಜೊತೆ," ಎಂದಿತು ಕಾರಿನ ಕೆಳಗಿನ ದನಿ.

"ಉದ್ದ ಪೈಪ್ ಹಾಕಿ ಜಗ್ಗಬೇಕು. ನಮ್ಮ ಯಾರ್ಡ್‌ನಲ್ಲಿ ಹಂಗೇ ಮಾಡ್ತಿದ್ರು."

ಮಾತೇನೋ ಸರಿಯಾಗಿತ್ತು. ಹತ್ತಿರದಲ್ಲಿ ಕಂಡ ಪೈಪು ಒಂದೇ: ಬಟ್ಟೆ ಒಣಹಾಕುವ ಕಂಬಗಳ ಮೇಲೆ ಅಡ್ಡ ಹಾಕಿದ್ದು. ಪ್ರೆಶರ್ ಎದ್ದು ಬಂದು ಅದನ್ನು ಎಳೆದ. ಅದರ ಮೇಲಿದ್ದ ಬಟ್ಟೆ ಎಣ್ಣೆಯ ತಟ್ಟೆಗೆ ಬಿತ್ತು. ಅದರಲ್ಲಿ ಅತ್ತೆ ಪರೀಕ್ಷೆಗೆಂದು ಒಗೆದು ಗಂಜಿ ಹಾಕಿದ್ದ ಬಿಳಿ ಅಂಗಿಯೂ ಇತ್ತು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ನೋಡಿದಳು. "ರೀ! ಅದು ಅಮ್ಮನ ಅಂಗಿ!"

"ಅಂಗಿ ಮುಖ್ಯಾನೋ ಕಾರು ಮುಖ್ಯಾನೋ?"

"ಅದನ್ನ ಅಮ್ಮನ್ನೇ ಕೇಳಿ. ಹಿಂದೇನೇ ನಿಂತಿದಾರೆ."

ಅತ್ತೆ ಬೈಯಲಿಲ್ಲ. ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕಲೆಯನ್ನು ನೋಡಿ, ಅಳಿಯನನ್ನು ನೋಡಿ, "ಆಪರೇಷನ್ ಮಾಡೋ ಜಾಗ ಮೊದಲು ಗುಡಿಸ್ಕೋಬೇಕು ಅಳಿಯಂದ್ರೇ," ಎಂದಷ್ಟೇ ಹೇಳಿ ಒಳಹೋದರು. ಬೈದಿದ್ದರೆ ಪ್ರೆಶರ್ ಉತ್ತರ ಕೊಟ್ಟು ಹಗುರಾಗುತ್ತಿದ್ದ. ಹೊರಬರದ ಸಿಟ್ಟನ್ನೆಲ್ಲ ಅವನು ಪೈಪಿನ ಮೇಲೆ ಹಾಕಿ ಜಗ್ಗಿದ. ಬೋಲ್ಟು ಪಟ್ಟೆಂದು ಬಿಟ್ಟಿತು. ಪೈಪು ಜಾರಿ ನೆಲಕ್ಕೆ ಬಡಿಯಿತು. ಅವನ ತಲೆ ಕಾರಿನ ಅಡಿಗೆ ಬಡಿಯಿತು. ಎರಡೂ ಸದ್ದು ಒಂದೇ ಥರ ಇತ್ತೆಂದು ಗಾರ್ಡ್ ಸಾಹೇಬರು ಆಮೇಲೆ ಬೀದಿಯಲ್ಲೆಲ್ಲ ಹೇಳಿದರು.

ಹತ್ತೂವರೆಗೆ ಹಳೆಯ ಆರ್ಮ್ ಎರಡೂ ಹೊರಬಂದವು. ಬಲಗಡೆಯದು ನೆಟ್ಟಗಿತ್ತು. ಎಡಗಡೆಯದು ನಡುವೆ ಬಾಗಿ, ನಿದ್ದೆಗೆಟ್ಟವನ ಕುತ್ತಿಗೆಯಂತೆ ಒಂದು ಕಡೆಗೆ ವಾಲಿತ್ತು. ಪ್ರೆಶರ್ ಅದನ್ನು ಬಹಳ ಹೊತ್ತು ನೋಡಿದ.

"ಬಾಗಿದೆ ಅಲ್ವಾ?" ಎಂದರು ಗಾರ್ಡ್ ಸಾಹೇಬರು.

"ಬಿಚ್ಚುವಾಗ ಬಾಗಿರತ್ತೆ."

ಹೊಸ ಆರ್ಮ್‌ಗಳನ್ನು ಹಾಕುವ ಮುಂಚೆ, ನೆಟ್ಟಗಿದ್ದ ಹಳೆಯದರ ಅಳತೆಗೆ ಹೊಂದಿಸಿಕೊಳ್ಳಬೇಕು. ಅಳತೆಯ ಟೇಪು ಬೇಕಾಯಿತು. ಪಕ್ಕದ ಮನೆಯ ಟೈಲರ್ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಕಾಂಪೌಂಡಿನ ಮೇಲಿಂದ ಆಗಲೇ ಇಣುಕುತ್ತಿದ್ದ.

"ಅಣ್ಣಾ, ಟೇಪ್ ಕೊಡಲ್ಲ. ಅಳತೆ ನಾನೇ ತಗೊಡ್ತೀನಿ. ನಿಮ್ಮ ಕೈ ಎಣ್ಣೆ."

"ಬೇಗ ತಗೋ. ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರದು."

"ನಂಗೆ ಹೇಳ್ತೀರಾ ಅಳತೆ ವಿಷಯ!" ಎಂದು ಟೈಲರ್ ಕಾಂಪೌಂಡು ಹಾರಿ ಬಂದ. ಹಳೆಯ ಆರ್ಮನ್ನು ಒಂದು ತೂತಿಂದ ಇನ್ನೊಂದು ತೂತಿಗೆ ಎರಡು ಸಲ ಅಳೆದ. ಹೊಸದರ ನಡುವಿನ ಸರಳನ್ನು ತಿರುಗಿಸಿ, ಅಳೆದು, ತಿರುಗಿಸಿ, ಎರಡನ್ನೂ ಒಂದೇ ಅಳತೆಗೆ ತಂದು, ಸರಳು ಮತ್ತೆ ತಿರುಗದಂತೆ ತಡೆನಟ್ಟು ಬಿಗಿದು ಕೊಟ್ಟ. ಕೆಲಸ ಶುದ್ಧವಾಗಿತ್ತು. ಪ್ರೆಶರ್‌ನಿಗೂ ಬೈಯಲು ಏನೂ ಸಿಗಲಿಲ್ಲ.

ಮುಂದಿನದು ಹೊಸದನ್ನು ಕೂರಿಸುವುದು. ಎಡದ್ದು ಬೇರೆ, ಬಲದ್ದು ಬೇರೆ. ಒಂದು ಸಣ್ಣ ಕಿವಿ ಇರುತ್ತದೆ, ಅದು ಮುಂದಕ್ಕೆ ಬರಬೇಕು. ಪ್ರೆಶರ್ ಕಾರಿನಡಿ ಮಲಗಿದ್ದರಿಂದ ಯಾವುದು ಯಾವ ಕಡೆಯದೆಂದು ನೋಡಿ ಕೊಡುವ ಕೆಲಸ ಗಾರ್ಡ್ ಸಾಹೇಬರದಾಯಿತು.

"ಎಡದ್ದು ಕೊಡಿ ಸಾರ್."

"ತಗೋ, ಎಡದ್ದು."

"ಖಂಡಿತಾನಾ?"

"ಮೂವತ್ತು ವರ್ಷ ಎಡ ಬಲ ನೋಡಿ ಬಾವುಟ ತೋರಿಸ್ದೋನು ನಾನು. ನನ್ನೇ ಕೇಳ್ತೀಯಾ?"

ಎರಡೂ ಕೂತವು. ಬೋಲ್ಟು ತೂರಿದವು. ಪ್ರೆಶರ್ ಮೈಮುರಿದು ಎದ್ದು, ಹಿಂದಿನಿಂದ ಬಗ್ಗಿ ನೋಡಿದ. ಎರಡೂ ಕಿವಿಗಳು ಹಿಂದಕ್ಕೆ ಮುಖ ಮಾಡಿ ಅವನನ್ನೇ ನೋಡುತ್ತಿದ್ದವು.

"ಗಾರ್ಡ್ ಸಾರ್! ಇದು ಬಲಗಡೇದು!"

"ಎಡಗಡೇದೇ."

"ಯಾವ ಲೆಕ್ಕದಲ್ಲಿ ಎಡ?"

ಗಾರ್ಡ್ ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಗ ಪ್ರೆಶರ್‌ನಿಗೆ ಕಂಡಿತು: ಬೆಳಿಗ್ಗೆಯಿಂದ ಆ ಕುರ್ಚಿ ಕಾರಿನ ಹಿಂದೆ, ಕಾರಿಗೆ ಬೆನ್ನು ಮಾಡಿಕೊಂಡು ಇತ್ತು. "ನೋಡಪ್ಪಾ, ಗಾರ್ಡ್ ಅಂದ್ರೆ ಕೊನೇ ಡಬ್ಬಿ. ಮುಖ ಹಿಂದಕ್ಕೆ. ಬಿಟ್ಟು ಬಂದ ಹಳಿ ನೋಡ್ತಾ ಕೂರೋನು. ನನ್ನ ಎಡ ಇದು. ಮೂವತ್ತು ವರ್ಷದಿಂದ ಇದೇ."

"ನಿಮ್ಮ ರೈಲು ನಿಂತು ಎಷ್ಟು ವರ್ಷ ಆಯ್ತು!"

"ರೈಲು ನಿಂತಿಲ್ಲ. ನಾನು ಇಳಿದೆ ಅಷ್ಟೇ."

ಎರಡನ್ನೂ ಬಿಚ್ಚಿ, ಅದಲುಬದಲು ಮಾಡಿ, ಮತ್ತೆ ಕೂರಿಸುವಾಗ ಪ್ರೆಶರ್‌ನ ಬೆರಳಿನ ಚರ್ಮ ಎರಡು ಕಡೆ ಎದ್ದುಬಂತು. ಪೂರ್ತಿ ಬಿಗಿ ಮಾಡಲು ಸ್ಪ್ಯಾನರ್ ಹಾಕುವಷ್ಟರಲ್ಲಿ ತಲೆಯ ಹತ್ತಿರ ಎರಡು ಬಿಳಿ ಚಪ್ಪಲಿ ಕಾಣಿಸಿದವು.

"ಬಿಗಿ ಮಾಡ್ಬೇಡಿ," ಎಂದರು ಅತ್ತೆ. ಅವರ ಕೈಯಲ್ಲಿ ಹೊಸ ಆರ್ಮಿನ ಡಬ್ಬಿಯೊಳಗಿದ್ದ ಕಾಗದ ಇತ್ತು. ಅವನು ಅದನ್ನು ಓದಿರಲಿಲ್ಲ. ಮೊಣಕೈ ಒರೆಸಿಕೊಂಡು ಎಸೆದಿದ್ದ. "ಚಕ್ರ ನೆಲಕ್ಕೆ ಊರಿದ ಮೇಲೆ ಬಿಗಿ ಮಾಡ್ಬೇಕಂತೆ. ನೇತಾಡೋವಾಗ ಬಿಗಿ ಮಾಡಿದ್ರೆ ಆರ್ಮಿನ ತೂತಿನೊಳಗಿರೋ ರಬ್ಬರು ಹರಿದು ಹೋಗುತ್ತಂತೆ."

"ನನಗೆ ಗೊತ್ತು!"

"ಗೊತ್ತಿದ್ರೆ ಸ್ಪ್ಯಾನರ್ ಯಾಕೆ ಹಾಕಿದ್ರಿ?"

"ನೋಡ್ತಿದ್ದೆ!"

"ಸರಿ, ನೋಡಿ. ಹನ್ನೆರಡಾಯ್ತು."

ಚಕ್ರ ಹಾಕಿ ಕಾರನ್ನು ಇಳಿಸಿದರು. ಹಿಂದೆ ಸರಿದು ನೋಡಿದರು. ಹಿಂದಿನ ಎರಡೂ ಚಕ್ರಗಳು ಬುಡದಲ್ಲಿ ಹೊರಕ್ಕೆ ಸರಿದು, ಕುಸ್ತಿಗೆ ಇಳಿದ ಪೈಲ್ವಾನ ಕಾಲು ಅಗಲಿಸಿ ನಿಂತಂತೆ ಕಾರು ನಿಂತಿತ್ತು.

"ಆರ್ಮ್ ಉದ್ದ ಆಗಿದೆ," ಎಂದ ಪ್ರೆಶರ್. ದನಿ ಮೆಲ್ಲಗಿತ್ತು, ಬೀದಿಯವರು ಅವನ ಮೆಲುದನಿಗೆ ಹೆಚ್ಚು ಹೆದರುತ್ತಿದ್ದರು. "ಟೈಲರ್. ಅಳತೆ ಸರಿಯಾಗಿ ತಗೊಂಡೆ ತಾನೆ?"

"ದೇವರಾಣೆ ಅಣ್ಣಾ. ಅಳತೆ ಪಕ್ಕಾ. ಅದರ ಮೇಲೆ ಅರ್ಧ ಇಂಚು ಮಾತ್ರ ಬಿಟ್ಟಿದೀನಿ."

"ಏನು ಬಿಟ್ಟಿದೀಯಾ?"

"ಒಳಗಡೆ ಅಣ್ಣಾ. ಮುಂದೆ ಬೇಕಾದ್ರೆ ಬಿಡಿಸ್ಕೋಬಹುದು ಅಂತ. ಎಲ್ಲಾರ್ಗೂ ಬಿಡ್ತೀನಿ. ಕರೆಕ್ಟ್ ಅಳತೆಗೆ ಹೊಲಿದ್ರೆ ಆರು ತಿಂಗಳಿಗೆ ಬಿಗಿ ಆಯ್ತು ಅಂತ ವಾಪಸ್ ಬರ್ತಾರೆ."

"ಕಾರು ದಪ್ಪ ಆಗತ್ತೇನೋ?" ಪ್ರೆಶರ್‌ನ ದನಿ ಎದ್ದಿತು. "ಕಾರು ಮದುವೆಮನೆ ಊಟ ಮಾಡಿ ದಪ್ಪ ಆಗತ್ತೇನೋ? ಒಬ್ಬರಿಗೆ ಎಡ ಬಲ ಗೊತ್ತಿಲ್ಲ! ಇನ್ನೊಬ್ಬನಿಗೆ ಕಬ್ಬಿಣಕ್ಕೂ ಬಟ್ಟೆಗೂ ವ್ಯತ್ಯಾಸ ಗೊತ್ತಿಲ್ಲ! ಹೊರಡಿ! ಇಬ್ರೂ ಹೊರಡಿ ಇಲ್ಲಿಂದ!"

ಟೈಲರ್‌ಗೂ ಸಿಟ್ಟು ಬಂತು. "ಬೇಡ ಅಂದ್ರೆ ಬೇಡ. ಹೋದ ವರ್ಷ ನಿಮ್ಮ ಪ್ಯಾಂಟು ಎರಡು ಸಲ ಬಿಡಿಸ್ಕೊಂಡ್ರಲ್ಲ, ಆಗ ಬಟ್ಟೆ ಎಲ್ಲಿಂದ ಬಂತು?"

ಅತ್ತೆ ಎರಡೂ ಕೈ ತಟ್ಟಿದರು. ವಾರ್ಡಿನಲ್ಲಿ ಅಳುವ ಕೂಸುಗಳನ್ನೂ ಕೂಗುವ ಅಪ್ಪಂದಿರನ್ನೂ ಸುಮ್ಮನಾಗಿಸಿದ್ದ ಚಪ್ಪಾಳೆ ಅದು. "ಟೈಲರ್, ನೀವು ಬಿಟ್ಟ ಅರ್ಧ ಇಂಚು ಒಳಗೆ ತಗೊಳ್ಳಿ. ಗಾರ್ಡ್ ಸಾಹೇಬ್ರೇ, ಕುರ್ಚಿ ತಿರುಗಿಸಿ ಕೂತ್ಕೊಳ್ಳಿ. ಅಳಿಯಂದ್ರೇ, ಜಾಕ್ ಏರಿಸಿ. ಯಾರೂ ಮಾತಾಡ್ಬೇಡಿ."

ಯಾರೂ ಮಾತಾಡಲಿಲ್ಲ. ಕೆಲಸ ಬೇಗ ಆಯಿತು. ಕೊನೆಗೆ ಟೈಲರ್ ಅಂಗಡಿಯಿಂದ ದಾರದ ಉಂಡೆ ತಂದು ಕಾರಿನ ಎರಡೂ ಪಕ್ಕಕ್ಕೆ ಮುಂದಿನಿಂದ ಹಿಂದಕ್ಕೆ ಎಳೆದು ಕಟ್ಟಿದ. ದಾರಕ್ಕೂ ಚಕ್ರಕ್ಕೂ ನಡುವಿನ ಸಂದು ನೋಡುತ್ತ ಹಿಂಚಕ್ರಗಳನ್ನು ಸರಿಪಡಿಸಿದರು. ಕಾರು ನೆಲದ ಮೇಲೆ ನಿಂತಿದ್ದಾಗಲೇ ಪ್ರೆಶರ್ ಕೆಳಗೆ ತೂರಿ ಬೋಲ್ಟುಗಳನ್ನು ಬಿಗಿದ. ಹೊರಬಂದಾಗ ಎರಡು ಗಂಟೆ. ನಾಲ್ಕು ಚಕ್ರಗಳೂ ಒಂದೇ ಗೆರೆಯಲ್ಲಿದ್ದವು. ಆ ಕಾರು ಕಾರ್ಖಾನೆ ಬಿಟ್ಟ ಮೇಲೆ ಅಷ್ಟು ನೆಟ್ಟಗೆ ನಿಂತದ್ದು ಬಹುಶಃ ಅದೇ ಮೊದಲು.

"ಕೀ ಕೊಡಿ," ಎಂದರು ಅತ್ತೆ. ಅಂಗಿಯ ಕಲೆಯ ಮೇಲೆ ಆಸ್ಪತ್ರೆಯ ಹಳೆಯ ಬ್ಯಾಡ್ಜು ಚುಚ್ಚಿ ಮುಚ್ಚಿದ್ದರು. "ನಾನೇ ಓಡಿಸ್ಕೊಂಡು ಹೋಗ್ತೀನಿ. ಕೈ ಪಳಗುತ್ತೆ. ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ಪರೀಕ್ಷೆಗೆ ಮುಂಚೆ ಎಲ್ಲಾದ್ರೂ ತಾಗಿಸಿದ್ರೆ? ಬೆಳಿಗ್ಗೆಯಿಂದ ನಾನು ಬೆನ್ನು ಮುರ್ಕೊಂಡಿರೋದು ಯಾಕೆ? ಮೈದಾನದ ತನಕ ನಾನೇ ಓಡಿಸ್ತೀನಿ. ಕೂತ್ಕೊಳ್ಳಿ ಅತ್ತೆ!"

ಹಿಂದಿನ ಸೀಟಿನಲ್ಲಿ ಗಾರ್ಡ್ ಸಾಹೇಬರೂ ಟೈಲರೂ ಕರೆಯದೆ ಬಂದು ಕೂತರು. ತಾವು ದುಡಿದ ಕಾರು ಪಾಸಾಗುವುದನ್ನು ನೋಡಬೇಕೆಂಬುದು ಅವರ ವಾದ. ಇಳಿಸಲು ಹೊತ್ತಿರಲಿಲ್ಲ.

ಬೀದಿ ಮುಗಿಯುವ ಮುಂಚೆಯೇ ಕಾರು ಬಲಕ್ಕೆ ವಾಲಿತು. ಗ್ಯಾರೇಜಿನ ಮುಂದೆ ಗತ್ತಿನಿಂದ ಹಾದುಹೋಗಬೇಕೆಂದಿದ್ದ ಪ್ರೆಶರ್ ರಸ್ತೆಯ ನಡುವೆ ಹೋಗಿ, ಎದುರು ಬಂದ ಹಾಲಿನ ವ್ಯಾನಿಗೆ ದಾರಿ ಬಿಡಲು ಸರಕ್ಕನೆ ಎಳೆದುಕೊಂಡ. ಗ್ಯಾರೇಜಿನವನು ಕೆಲಸ ನಿಲ್ಲಿಸಿ ನೋಡಿದ.

"ಟೈಲರ್! ಈಗ ಬಲಕ್ಕೆ ಎಳೀತಿದೆ! ಇನ್ನೂ ಎಲ್ಲೋ ಬಿಟ್ಟಿದೀಯಾ ನೀನು!"

"ಒಂದು ನೂಲೂ ಬಿಟ್ಟಿಲ್ಲ ಅಣ್ಣಾ. ದಾರ ಕಟ್ಟಿ ನೋಡಿಲ್ವಾ?"

"ಹಾಗಾದ್ರೆ ರಸ್ತೆ ಸೊಟ್ಟಗಿದೆಯಾ?"

"ಕಾರು ನೆಟ್ಟಗೇ ಇದೆ," ಎಂದರು ಅತ್ತೆ, ಮುಂದೆ ನೋಡುತ್ತಲೇ. "ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಹಿಡ್ಕೊಂಡಿರೋದು ನೀವು."

"ನಾನಾ?"

"ನೀವೇ. ಎಂಟು ವರ್ಷದಿಂದ ಹಂಗೇ ಹಿಡ್ಕೊಂಡಿದೀರಿ. ಹೆರಿಗೆಗೆ ಬರೋವಾಗ ನಡು ಹಿಂದಕ್ಕೆ ವಾಲಿಸಿ ನಡೀತಾರಲ್ಲ, ಕೂಸು ಹುಟ್ಟಿದ ಮೇಲೂ ಕೆಲವರು ಸ್ವಲ್ಪ ದಿನ ಹಾಗೇ ನಡೀತಾರೆ."

ಅಳಿಯನಿಗೆ ಈ ಹೋಲಿಕೆ ಹಿಡಿಸಲಿಲ್ಲ. ಗಮನ ಇಟ್ಟಷ್ಟು ಹೊತ್ತು ಕಾರು ನೆಟ್ಟಗೆ ಹೋಯಿತು. ಹಲ್ಲು ಕಚ್ಚಿಕೊಂಡು, ಸ್ಟೀರಿಂಗನ್ನು ಕಳ್ಳನ ಕೊರಳಪಟ್ಟಿಯಂತೆ ಹಿಡಿದುಕೊಂಡು, ಮಾತಿಲ್ಲದೆ ಓಡಿಸಿದ. ಹೆದ್ದಾರಿ ದಾಟಿತು. ಮೈದಾನದ ಗೇಟು ಬಂತು. ಒಳಗೆ ಎರಡು ಸಾಲು ಕಂಬಗಳು ನಿಂತಿದ್ದವು. ಬಲಗಡೆಯ ಸಾಲಿನ ಕೊನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇನ್‌ಸ್ಪೆಕ್ಟರು ಕೂತಿದ್ದರು. ಮೂರಕ್ಕೆ ಇನ್ನೂ ಹೊತ್ತಿತ್ತು.

ಅಲ್ಲಿಯವರೆಗೆ ಯಾವ ತೊಂದರೆಯೂ ಆಗಿರಲಿಲ್ಲ.

"ನೋಡಿದ್ರಾ ಅಣ್ಣಾ," ಎಂದ ಟೈಲರ್ ಹಿಂದಿನಿಂದ, "ಅಳತೆ ಸರಿಯಿತ್ತು. ತಪ್ಪು ಹಾಕ್ಕೊಂಡೋರದ್ದು."

ಪ್ರೆಶರ್ ಪೂರ್ತಿ ಹಿಂದಕ್ಕೆ ತಿರುಗಿದ. "ಏನಂದೆ? ಇನ್ನೊಂದ್ಸಲ ಹೇಳು! ಅರ್ಧ ಇಂಚು ಕದ್ದು ಬಿಟ್ಟೋನು ನೀನು, ನನಗೆ—"

ತಲೆ ಹಿಂದಕ್ಕೆ ತಿರುಗಿತ್ತು. ಕೈಗಳು ಮುಂದೆ ಉಳಿದಿದ್ದವು. ಎಂಟು ವರ್ಷ ಮಾಡಿದ ಕೆಲಸವನ್ನೇ ಮಾಡಿದವು. ಬಲಗಡೆಯ ಸಾಲಿನ ಮೊದಲ ಕಂಬ ಬಿತ್ತು. ಎರಡನೆಯದು ಬಿತ್ತು. "ಬ್ರೇಕ್!" ಎಂದರು ಅತ್ತೆ. ಗಾರ್ಡ್ ಸಾಹೇಬರು ಜೇಬಿನಿಂದ ಸೀಟಿ ತೆಗೆದು ಊದಿದರು. ಇನ್‌ಸ್ಪೆಕ್ಟರು ಸದ್ದು ಕೇಳಿ ಎದ್ದು ನಿಂತು, ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಅವರು ಬಿಟ್ಟೆದ್ದ ಕುರ್ಚಿ ಕಾರಿನ ಬಂಪರಿನಡಿ ಸೇರಿ ನಾಲ್ಕೂ ಕಾಲು ಮುರಿದುಕೊಂಡಿತು. ಕಾರು ನಿಂತಿತು.

ಯಾರಿಗೂ ಗಾಯವಾಗಲಿಲ್ಲ. ಇನ್‌ಸ್ಪೆಕ್ಟರು ಕುರ್ಚಿಯನ್ನು ನೋಡಿದರು, ಬಿದ್ದ ಕಂಬಗಳನ್ನು ಎಣಿಸಿದರು, ಬಂದು ಕಿಟಕಿಗೆ ಬಗ್ಗಿದರು.

"ಲೈಸೆನ್ಸ್ ಕೊಡಿ."

"ಸಾರ್, ಪರೀಕ್ಷೆ ನಂದಲ್ಲ. ಅತ್ತೇದು."

"ಅತ್ತೇದು ಮೂರಕ್ಕೆ. ನಿಮ್ಮದು ಈಗ ಮುಗೀತು. ಕೊಡಿ."

"ಹೊಸ ಆರ್ಮ್ ಹಾಕಿದೀನಿ ಸಾರ್, ಅದು ಬಲಕ್ಕೆ—"

"ಹೋದ್ಸಲ ಗಾಡಿ ಸೊಟ್ಟ ಇತ್ತು, ನಾನೇ ಓಡಿಸಿ ನೋಡಿದೆ. ಈಗ್ಲೂ ನೋಡ್ತೀನಿ."

ಅವರು ಕಾರು ಹತ್ತಿ ಒಂದು ಸುತ್ತು ಹೋಗಿ ಬಂದರು. ಸುತ್ತಿನ ಕೊನೆಯಲ್ಲಿ ಸ್ಟೀರಿಂಗಿನಿಂದ ಕೈ ಬಿಟ್ಟು ತೋರಿಸಿದರು. ಕಾರು ಗೆರೆ ಎಳೆದಂತೆ ಬಂತು. "ಇದು ಯಾರು ಮಾಡಿದ್ದು?"

"ನಾನೇ ಸಾರ್," ಎಂದ ಪ್ರೆಶರ್. ಬೆಳಿಗ್ಗೆಯಿಂದ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ.

"ಬಹಳ ಚೆನ್ನಾಗಿ ಮಾಡಿದೀರಿ. ಗಾಡಿಯಲ್ಲಿ ಏನೂ ತೊಂದರೆ ಇಲ್ಲ," ಎಂದು ಇನ್‌ಸ್ಪೆಕ್ಟರು ಅವನ ಲೈಸೆನ್ಸನ್ನು ತಮ್ಮ ಜೇಬಿಗೆ ಹಾಕಿಕೊಂಡರು. "ಮೂರು ತಿಂಗಳು ಅಮಾನತು. ಆಮೇಲೆ ಬಂದು ಹೊಸದಾಗಿ ಪರೀಕ್ಷೆ ಕೊಡಿ."

ಪ್ರೆಶರ್ ಬಾಯಿ ತೆರೆದ. ಅತ್ತೆ ಅವನ ಕಡೆ ನೋಡಿದರು. ಅವನು ಬಾಯಿ ಮುಚ್ಚಿದ. ಅವರ ಪರೀಕ್ಷೆ ಇನ್ನೂ ಬಾಕಿ ಇತ್ತು, ಅದು ಕೆಟ್ಟರೆ ಇಬ್ಬರಿಗೂ ಕೆಟ್ಟಂತೆ.

ಮೂರಕ್ಕೆ ಸರಿಯಾಗಿ ಅತ್ತೆ ಕೂತರು. ಕನ್ನಡಿ ಸರಿಮಾಡಿಕೊಂಡರು, ಸ್ಟೀರಿಂಗನ್ನು ಕರವಸ್ತ್ರದಲ್ಲಿ ಒರೆಸಿದರು, ಬೆಲ್ಟು ಹಾಕಿದರು. ಮತ್ತೆ ನಿಲ್ಲಿಸಿದ್ದ ಕಂಬಗಳ ನಡುವೆ ಹೋದರು, ಹಿಂದಕ್ಕೆ ಬಂದರು, ಏರಿನ ಮೇಲೆ ನಿಲ್ಲಿಸಿ ಹೊರಟರು. ಒಂದು ಕಂಬವೂ ಅಲುಗಲಿಲ್ಲ. ಇನ್‌ಸ್ಪೆಕ್ಟರು ನಿಂತುಕೊಂಡೇ ಸಹಿ ಹಾಕಿದರು. ಕೂರಲು ಕುರ್ಚಿ ಇರಲಿಲ್ಲ.

ಬರುವಾಗ ಅತ್ತೆ ಓಡಿಸಿದರು. ಪ್ರೆಶರ್ ಪಕ್ಕದಲ್ಲಿ ಕೂತು, ಬೆಳಿಗ್ಗೆಯಿಂದ ಮೊದಲ ಬಾರಿಗೆ ಬೆನ್ನು ಸೀಟಿಗೆ ಒರಗಿಸಿದ. ಲೈಸೆನ್ಸ್ ಹೋಯಿತು, ಹೋಗಲಿ. ಬೆರಳು ಸುಲಿಯಿತು, ವಾಸಿಯಾಗುತ್ತದೆ. ಅತ್ತೆ ಪಾಸಾದರು, ಇನ್ನೇನು ಹೊರಡುತ್ತಾರೆ. ನಾಳೆ ಹಾಸಿಗೆಯ ಮೂಲೆ ಮಡಿಸದೆ ಏಳಬಹುದು, ಉಗುರು ತೋರಿಸದೆ ಊಟಕ್ಕೆ ಕೂರಬಹುದು, ಸುದ್ದಿ ಓದುವವಳಿಗೆ ಗಂಟಲು ಬಿಟ್ಟು ಉತ್ತರ ಕೊಡಬಹುದು. ಅತ್ತೆಯ ಮುಖದಲ್ಲೂ ಅಪರೂಪದ ಗೆಲುವಿತ್ತು. ತಮ್ಮ ಮನೆಯ ಕಿಟಕಿಗಳಿಗೆ ಎಂಥ ಪರದೆ ಹಾಕಿಸುತ್ತೇನೆಂದು ಟೈಲರ್‌ಗೆ ಹೇಳುತ್ತ ಬಂದರು.

ಹೆಂಡತಿ ಗೇಟಿನಲ್ಲಿ ಕಾಯುತ್ತಿದ್ದಳು. ಅಮ್ಮ ಪಾಸಾದದ್ದು ಕೇಳಿ ಕೈಹಿಡಿದು ಕುಣಿದಳು. ಗಂಡನದು ಅಮಾನತಾದದ್ದು ಕೇಳಿ ಕೈ ಬಿಟ್ಟಳು.

"ಮೂರು ತಿಂಗಳಾ? ಹಾಗಾದ್ರೆ ಬೆಳಿಗ್ಗೆ ಆರಕ್ಕೆ ಪಂಪ್‌ಹೌಸಿಗೆ ಹೆಂಗ್ರೀ ಹೋಗ್ತೀರಾ?"

ಪ್ರೆಶರ್ ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ. ಪಂಪ್‌ಹೌಸು ಕೆರೆಯ ಆಚೆ. ಆ ದಾರಿಗೆ ಬಸ್ಸಿಲ್ಲ. ಹೆಂಡತಿಗೆ ಕಾರು ಓಡಿಸಲು ಬರುವುದಿಲ್ಲ. ಟೈಲರ್‌ನ ಹತ್ತಿರ ಇರುವುದು ಹೊಲಿಗೆಯಂತ್ರ. ಗಾರ್ಡ್ ಸಾಹೇಬರು ಜೀವನದಲ್ಲಿ ಒಂದು ಗಾಡಿಯನ್ನೂ ಮುಂದೆ ನೋಡಿ ಓಡಿಸಿದವರಲ್ಲ.

ಆ ಬೀದಿಯಲ್ಲಿ ಅವನನ್ನು ಕರೆದೊಯ್ಯಬಲ್ಲ, ಲೈಸೆನ್ಸ್ ಇರುವ, ಬೆಳಗಿನ ಐದಕ್ಕೆ ಏಳುವ ಅಭ್ಯಾಸವಿರುವ ಒಬ್ಬರೇ ಒಬ್ಬರು ಆಗತಾನೇ ಕಾರಿನಿಂದ ಇಳಿದಿದ್ದರು.

"ಅಮ್ಮಾ," ಎಂದಳು ಮಗಳು.

"ಬೇಡ!" ಎಂದರು ಅತ್ತೆ ಮತ್ತು ಅಳಿಯ, ಒಟ್ಟಿಗೆ.

"ಮೂರೇ ತಿಂಗಳಮ್ಮಾ."

"ನಾನು ನಡೆದು ಹೋಗ್ತೀನಿ!" ಎಂದ ಪ್ರೆಶರ್.

"ನೀವು ನಡೆದು ಹೋಗಿ ಮೋಟಾರು ಹಾಕೋ ತನಕ ಊರಲ್ಲಿ ಯಾರಿಗೂ ಮುಖ ತೊಳೆಯೋಕೆ ನೀರಿರಲ್ಲ," ಎಂದಳು ಹೆಂಡತಿ. "ಕೆಲಸ ಉಳೀಬೇಕೋ ಬೇಡ್ವೋ?"

ಅತ್ತೆ 'ಆಯಿತು' ಎನ್ನಲಿಲ್ಲ. ಕಾರಿನ ಕೀಯನ್ನು ತಮ್ಮ ಸೊಂಟದ ಗೊಂಚಲಿಗೆ ಸೇರಿಸಿಕೊಂಡು ಒಳಗೆ ನಡೆದರು. ಒಳಗಿನಿಂದ ಅವರ ದನಿ ಬಂತು: "ಅಳಿಯಂದ್ರೇ, ಒಂಬತ್ತಕ್ಕೆ ದೀಪ ಆರಿಸ್ತೀನಿ. ಉಗುರಲ್ಲಿ ಎಣ್ಣೆ ಇದೆ, ತೊಳ್ಕೊಂಡು ಊಟಕ್ಕೆ ಬನ್ನಿ."

ಮರುದಿನ ಬೆಳಿಗ್ಗೆ ಐದೂಕಾಲಿಗೆ ಕಾರು ಹೊರಟಿತು. ಕೆರೆಯ ಏರಿಯ ಮೇಲೆ ಪ್ರೆಶರ್ ಅಲ್ಲಿಯವರೆಗೆ ತಡೆದುಕೊಂಡಿದ್ದ ಒಂದೇ ಒಂದು ಮಾತನ್ನು ಆಡಿದ. "ಅತ್ತೆ, ಸ್ವಲ್ಪ ಬಲಕ್ಕೆ ಹಿಡೀರಿ."

ಕಾರು ನಿಂತಿತು. ಉಳಿದ ದಾರಿಯನ್ನು ಅವನು ನಡೆದು ಹೋದ. ಆ ದಿನ ಊರಿಗೆ ನೀರು ಒಂದು ಗಂಟೆ ತಡವಾಗಿ ಬಂತು.